ಅಂಗಮಾರಿ ಗಾಳಿಯಲ್ಲಿ ಬರುವ ಮೊದಲೇ ಲೆಕ್ಕ ಹಾಕುವುದು ಹೇಗೆ?

ನಮ್ಮ ದೊಡ್ಡಪ್ಪ ಆಲೂಗಡ್ಡೆಯ ಅಂಗಮಾರಿ ರೋಗದ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಮಂಜು ಬಿತ್ತು, ಸುಟ್ಟೋಯ್ತು." ಹಾಸನದ ಸುತ್ತ ಈಗಲೂ ಹಾಗೇ ಹೇಳುವವರು ಇದ್ದಾರೆ. ಹಸಿರಾಗಿದ್ದ ಹೊಲ ನಾಲ್ಕೈದು ದಿನದಲ್ಲಿ ಕಪ್ಪಾಗಿ, ಕೊಳೆತ ವಾಸನೆ ಹೊಡೆಯುತ್ತಿದ್ದರೆ ಇನ್ನೇನು ಅನ್ನಿಸಬೇಕು ಹೇಳಿ? ದೊಡ್ಡಪ್ಪನ ಮಾತು ಅರ್ಧ ಸರಿ. ಮಂಜು ಗಿಡವನ್ನು ಸುಡುವುದಿಲ್ಲ, ಆದರೆ ಅಂಗಮಾರಿಗೆ ಬಾಗಿಲು ತೆಗೆಯುವುದು ಅದೇ ಮಂಜು, ಅದೇ ಸೋನೆ ಮಳೆ. ಉಳಿದ ಅರ್ಧ ಗಾಳಿಯಲ್ಲಿದೆ.

ಚುಕ್ಕೆ ಕಂಡ ಮೇಲೆ ಔಷಧಿ ಅಂಗಡಿಗೆ ಓಡುವುದು ನಮ್ಮಲ್ಲಿ ರೂಢಿ. ಅಷ್ಟು ಹೊತ್ತಿಗೆ ರೋಗ ನಮಗಿಂತ ಒಂದು ವಾರ ಮುಂದೆ ಇರುತ್ತದೆ. ಚುಕ್ಕೆ ಕಾಣುವ ಮೊದಲೇ, "ಈ ವಾರ ಬರಬಹುದು" ಅಥವಾ "ಈ ವಾರ ಸುಮ್ನೆ ದುಡ್ಡು ಸುರಿಯಬೇಡ" ಎಂದು ನೀವೇ ಹೇಳಿಕೊಳ್ಳುವ ಹಾಗೆ ಮಾಡುವುದು ಇಲ್ಲಿನ ಉದ್ದೇಶ. ಬೇಕಾದ ಸಾಮಾನು ಮೂರೇ: ಒಂದು ನೋಟ್‌ಬುಕ್ಕು, ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಒಂದು ಸಣ್ಣ ಮೀಟರ್, ಮತ್ತು ನಿಮ್ಮ ಫೋನು.

ರೋಗದ ದಿನಚರಿ ಗೊತ್ತಿರಲಿ

ಅಂಗಮಾರಿಗೆ ಕಾರಣವಾದ ಜೀವಿಯ ಹೆಸರು ಫೈಟಾಫ್ತೊರಾ ಇನ್‌ಫೆಸ್ಟನ್ಸ್. ನೋಡಲು ಬೂಷ್ಟಿನ ಹಾಗಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ. ಇದರ ನಂಟು ನೀರಿನ ಪಾಚಿಗಳ ಕಡೆಗೆ. ಅದಕ್ಕೇ ಇದಕ್ಕೆ ನೀರೆಂದರೆ ಅಷ್ಟು ಪ್ರೀತಿ.

ರಾತ್ರಿ ಗಾಳಿಯ ತೇವಾಂಶ ಶೇ. 90 ದಾಟಿ ಕೆಲವು ಗಂಟೆ ನಿಂತರೆ, ರೋಗ ಬಂದ ಎಲೆಯ ಅಡಿಯಲ್ಲಿ ಬಿಳಿ ನೂಲಿನಂತೆ ಬೆಳೆದು ಬೀಜಕಣ ಕಟ್ಟುತ್ತದೆ. ಬೆಳಿಗ್ಗೆ ಬಿಸಿಲೇರಿ ಗಾಳಿ ಸ್ವಲ್ಪ ಒಣಗುತ್ತಿದ್ದಂತೆ ಕಣಗಳು ಕಳಚಿಕೊಂಡು ಮೇಲೇಳುತ್ತವೆ. ನಾವು ಕಾಫಿ ಕುಡಿದು ಹೊಲದ ಕಡೆ ಹೊರಡುವ ಹೊತ್ತಿಗೆ ಇವೂ ಹೊರಟಿರುತ್ತವೆ. ಬಿಸಿಲು ಚುರುಕಾಗಿದ್ದರೆ ಇವುಗಳ ಬಹುಪಾಲು ಸುಮಾರು ಒಂದು ಗಂಟೆಯಲ್ಲಿ ಸಾಯುತ್ತವೆ. ಮೋಡ ಮುಚ್ಚಿದ್ದರೆ ಕೆಲವು ಗಂಟೆ ಬದುಕುತ್ತವೆ. ಇಡೀ ಲೆಕ್ಕದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ವ್ಯತ್ಯಾಸ.

ಯಾಕೆ ಅಂದರೆ, ಗಾಳಿ ಗಂಟೆಗೆ 10 ಕಿಲೋಮೀಟರ್ ಬೀಸುತ್ತಿದೆ ಅಂದುಕೊಳ್ಳಿ. ಮೋಡದ ದಿನ ಮೂರು ಗಂಟೆ ಬದುಕಿದ ಕಣ 30 ಕಿಲೋಮೀಟರ್ ಹೋಗಬಲ್ಲದು. ಎಲ್ಲವೂ ಅಷ್ಟು ದೂರ ಹೋಗುವುದಿಲ್ಲ. ಹೆಚ್ಚಿನವು ಅದೇ ಹೊಲದಲ್ಲಿ, ಪಕ್ಕದ ಹೊಲದಲ್ಲಿ ಬೀಳುತ್ತವೆ. ದೂರ ಹೋದಷ್ಟೂ ತೆಳುವಾಗುತ್ತವೆ. ಆದರೆ ಹೊಸ ಹೊಲಕ್ಕೆ ರೋಗ ಹತ್ತಲು ಬೆರಳೆಣಿಕೆಯಷ್ಟು ಕಣ ಸಾಕು.

ಒದ್ದೆ ಎಲೆಯ ಮೇಲೆ ಬಿದ್ದ ಕಣ ಕೆಲವೇ ಗಂಟೆಯಲ್ಲಿ ಒಳಗೆ ಇಳಿಯುತ್ತದೆ. ವಾತಾವರಣ ತಂಪಾಗಿದ್ದರೆ ಇನ್ನೂ ಕಷ್ಟ: ಒಂದೊಂದು ಕಣವೂ ಒಡೆದು ನೀರಿನಲ್ಲಿ ಈಜುವ ಹಲವು ಮರಿಕಣಗಳನ್ನು ಬಿಡುತ್ತದೆ. ಆಮೇಲೆ ನಾಲ್ಕೈದು ದಿನ ಗಿಡ ನೋಡಿದರೆ ಏನೂ ಆಗಿಲ್ಲದ ಹಾಗೆ ಇರುತ್ತದೆ. ಮೋಸ ಹೋಗುವುದು ಇಲ್ಲೇ. ನಂತರ ಚುಕ್ಕೆ, ಚುಕ್ಕೆಯ ಅಡಿಯಲ್ಲಿ ಬಿಳಿ ನೂಲು, ಮತ್ತೆ ಗಾಳಿ.

1845ರ ಜೂನ್ ಕೊನೆಯಲ್ಲಿ ಬೆಲ್ಜಿಯಂನಲ್ಲಿ ಕಾಣಿಸಿಕೊಂಡ ಇದೇ ರೋಗ ಸೆಪ್ಟೆಂಬರ್ ಹೊತ್ತಿಗೆ ಸಮುದ್ರ ದಾಟಿ ಐರ್ಲೆಂಡ್ ಸೇರಿತ್ತು. ಅಲ್ಲಿ ಬಂದ ಬರಗಾಲದ ಕತೆ ಬಹಳ ಜನರಿಗೆ ಗೊತ್ತು. ಅಷ್ಟು ದೂರ ಒಂದೇ ಹಾರಿಕೆಯಲ್ಲಿ ಹೋಗಿದ್ದಲ್ಲ. ಹೊಲದಿಂದ ಹೊಲಕ್ಕೆ, ವಾರದಿಂದ ವಾರಕ್ಕೆ.

ಅಂದರೆ ರೋಗ ಬರಬೇಕಾದರೆ ಮೂರು ಸೇರಬೇಕು. ಕಣ ಹೊರಡುವ ಜಾಗ, ಕಣವನ್ನು ಜೀವಂತ ತರುವ ಗಾಳಿ, ಕಣ ಇಳಿದಾಗ ಒದ್ದೆ ಎಲೆ. ಒಂದು ತಪ್ಪಿದರೂ ರೋಗ ಇಲ್ಲ. ಈಗ ಒಂದೊಂದನ್ನೂ ಲೆಕ್ಕಕ್ಕೆ ತರೋಣ.

ಹಂತ 1: ರೋಗದ ಮೂಲ ಎಲ್ಲೆಲ್ಲಿದೆ, ನಕ್ಷೆ ಬರೆಯಿರಿ

ಬಿತ್ತನೆಗೆ ಮೊದಲೇ ಈ ಕೆಲಸ ಶುರುವಾಗಬೇಕು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮ ಹೊಲವನ್ನು ನಡುವೆ ಬರೆದು, ಸುತ್ತಲಿನ ಆಲೂಗಡ್ಡೆ ಮತ್ತು ಟೊಮ್ಯಾಟೊ ಹೊಲಗಳನ್ನು ಗುರುತು ಮಾಡಿ. ಟೊಮ್ಯಾಟೊ ಯಾಕೆ? ಎರಡಕ್ಕೂ ಬರುವುದು ಒಂದೇ ರೋಗ. ಕೆಲವು ವರ್ಷಗಳ ಹಿಂದೆ '13 ಎ2' ಎಂಬ ತಳಿಯ ರೋಗಾಣು ದಕ್ಷಿಣ ಭಾರತಕ್ಕೆ ಬಂದಾಗ ಟೊಮ್ಯಾಟೊ ಬೆಳೆದವರು ಜೋರು ಪೆಟ್ಟು ತಿಂದರು. ಆ ತಳಿ ಮೆಟಲಾಕ್ಸಿಲ್ ಔಷಧಿಗೆ ಬಗ್ಗುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿತ್ತನೆ ಗಡ್ಡೆ ಇನ್ನೊಂದು ಮೂಲ. ನಮ್ಮ ಕಡೆಗೆ ಬಿತ್ತನೆ ಗಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಹೇಗೂ ಬಿತ್ತುವ ಮೊದಲು ಕತ್ತರಿಸುತ್ತೇವೆ ಅಲ್ವಾ? ಕತ್ತರಿಸುವಾಗ ಸಿಪ್ಪೆಯ ಕೆಳಗೆ ತುಕ್ಕಿನ ಬಣ್ಣದ ಗಟ್ಟಿ ಕಲೆ ಕಂಡರೆ ಆ ಗಡ್ಡೆ ಪಕ್ಕಕ್ಕಿಡಿ. ಕುಡುಗೋಲನ್ನೂ ತೊಳೆಯಿರಿ. ಒಂದು ಮೂಟೆಯಲ್ಲಿ ಅಂಥವು ಎಷ್ಟು ಬಂದವು ಎಂದು ಬರೆದಿಡಿ. ಜಾಸ್ತಿ ಬಂದರೆ ಆ ವರ್ಷ ನಿಮ್ಮ ಹೊಲದಲ್ಲೇ ಮೂಲ ಇದೆ ಎಂದು ಲೆಕ್ಕ. ಗಾಳಿಗಾಗಿ ಕಾಯುವ ಅಗತ್ಯವೂ ಇಲ್ಲ.

ಹೋದ ವರ್ಷ ಹೊಲದಲ್ಲಿ ಉಳಿದ ಗಡ್ಡೆ ಮೊಳೆತು ತಾನಾಗಿ ಎದ್ದ ಗಿಡಗಳು, ಬದುವಿನ ಮೇಲೆ ಸುರಿದ ಕೊಳೆತ ಗಡ್ಡೆಯ ರಾಶಿ, ಹಿತ್ತಿಲಿನ ಟೊಮ್ಯಾಟೊ, ಇವೂ ನಕ್ಷೆಯಲ್ಲಿರಲಿ.

ಈಗ ಗಾಳಿಯ ದಿಕ್ಕು. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ, ನೈರುತ್ಯದಿಂದ ಬೀಸುತ್ತದೆ. ಹಾಸನದ ಹತ್ತಿರ ಹೊಲ ಇದ್ದವರು ಆಲೂರಿನ ಕಡೆ ಕಣ್ಣಿಡಬೇಕು. ಚನ್ನರಾಯಪಟ್ಟಣದವರು ಹಾಸನದ ಕಡೆ. ಹಾಗಾಗಿ ಪಡುವಣದ ಊರುಗಳ ನಾಲ್ಕೈದು ಬೆಳೆಗಾರರ ಸ್ನೇಹ ಸಂಪಾದಿಸಿ, ಒಂದು ವಾಟ್ಸಾಪ್ ಗುಂಪು ಮಾಡಿ. ಅದರಲ್ಲಿ ಶುಭೋದಯದ ಹೂವಿನ ಚಿತ್ರ ಬೇಡ. ಎರಡೇ ವಿಷಯ ಸಾಕು: "ಇವತ್ತು ನಮ್ಮಲ್ಲಿ ಚುಕ್ಕೆ ಕಂಡಿತು" ಮತ್ತು ಎಲೆಯ ಅಡಿಭಾಗದ ಫೋಟೊ. ದುಡ್ಡು ಕೊಟ್ಟು ಕೊಂಡ ಯಾವ ಆ್ಯಪ್‌ಗಿಂತಲೂ ನನಗೆ ಹೆಚ್ಚು ಉಪಯೋಗ ಆಗಿರುವುದು ಈ ಗುಂಪು.

ಹಂತ 2: ಒದ್ದೆಯ ಗಂಟೆಗಳನ್ನು ಎಣಿಸಿ

ಲೆಕ್ಕದ ಹೃದಯ ಇದು. ಅಮೆರಿಕದ ವಾಲಿನ್ ಎಂಬ ವಿಜ್ಞಾನಿ ತೇವಾಂಶ ಶೇ. 90 ಅಥವಾ ಹೆಚ್ಚು ಇದ್ದ ಗಂಟೆಗಳಿಗೂ ಆ ಹೊತ್ತಿನ ಸರಾಸರಿ ಉಷ್ಣತೆಗೂ ಸೇರಿಸಿ ಅಂಕ ಕೊಡುವ ಒಂದು ಕೋಷ್ಟಕ ಮಾಡಿದರು. 1975ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅದನ್ನು ಬಳಸಿಕೊಂಡು 'ಬ್ಲೈಟ್‌ಕಾಸ್ಟ್' ಎಂಬ ಮುನ್ಸೂಚನೆ ಪದ್ಧತಿ ಬಂತು. ಮೂಲ ಕೋಷ್ಟಕದಲ್ಲಿ ಉಷ್ಣತೆಯ ಮೂರು ಸಾಲುಗಳಿವೆ. ಹಾಸನದಲ್ಲಿ ಮುಂಗಾರಿನ ಒದ್ದೆ ಹೊತ್ತಿನ ಉಷ್ಣತೆ ಹೆಚ್ಚು ಕಡಿಮೆ 18ರಿಂದ 25 ಡಿಗ್ರಿಯೊಳಗೆ ಇರುತ್ತದೆ. ಹಾಗಾಗಿ ನಮಗೆ ಒಂದೇ ಸಾಲು ಸಾಕು, 15ರಿಂದ 26.6 ಡಿಗ್ರಿಯದು:

ಒದ್ದೆ ಗಂಟೆ 10ಕ್ಕಿಂತ ಕಡಿಮೆ: ಅಂಕ 0
10ರಿಂದ 12 ಗಂಟೆ: 1
13ರಿಂದ 15 ಗಂಟೆ: 2
16ರಿಂದ 18 ಗಂಟೆ: 3
19 ಗಂಟೆ ಅಥವಾ ಹೆಚ್ಚು: 4

ಮೊಳಕೆ ಮಣ್ಣಿನಿಂದ ಮೇಲೆ ಬಂದ ದಿನದಿಂದ ಅಂಕ ಕೂಡಿಸುತ್ತಾ ಹೋಗಿ. ಒಟ್ಟು 18 ಮುಟ್ಟಿದರೆ ಮೊದಲ ಸಿಂಪಡಣೆಯ ಸಮಯ ಬಂತು ಎಂದು ಲೆಕ್ಕ.

ಒಂದು ಉದಾಹರಣೆ. ಜೂನ್ 10ಕ್ಕೆ ಮೊಳಕೆ ಬಂತು. ಮೊದಲ 12 ದಿನ ಮಳೆ ಕಡಿಮೆ, ರಾತ್ರಿ ಮಾತ್ರ ತೇವ, ಹೆಚ್ಚಿನ ದಿನ 8–9 ಗಂಟೆ. ನಡುವೆ ಐದು ದಿನ ಮಾತ್ರ 10–12 ಗಂಟೆ ಬಂದು ಒಟ್ಟು 5 ಅಂಕ ಆಯಿತು. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ಸೋಮವಾರ 14 ಗಂಟೆ, ಮಂಗಳವಾರ 17, ಬುಧವಾರ 20, ಗುರುವಾರ 22. ಅಂಕ 2, 3, 4, 4. ನಾಲ್ಕೇ ದಿನದಲ್ಲಿ 13 ಅಂಕ ಸೇರಿ ಗುರುವಾರಕ್ಕೆ 18 ಮುಟ್ಟಿತು. ಹನ್ನೆರಡು ದಿನ ಆಮೆಯ ಹಾಗೆ ಹೋದ ಲೆಕ್ಕ ನಾಲ್ಕು ದಿನದಲ್ಲಿ ಓಡಿಬಿಟ್ಟಿತು. ಆರಿದ್ರಾ ಮಳೆ ಬಂದರೆ ದರಿದ್ರ ದೂರ ಅನ್ನುತ್ತಾರೆ. ಆ ಮಾತು ಕಟ್ಟಿದವರು ಆಲೂಗಡ್ಡೆ ಹಾಕಿರಲಿಲ್ಲ ಅಂತ ಕಾಣುತ್ತದೆ!

ಮೀಟರ್ ಎಲ್ಲಿಡಬೇಕು ಅನ್ನುವುದು ದೊಡ್ಡ ವಿಷಯ. ಮನೆಯ ಜಗಲಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಹೊಲದಲ್ಲೇ, ಗಿಡದ ಎತ್ತರಕ್ಕೆ, ಬಿಸಿಲು ಮತ್ತು ಮಳೆ ನೇರ ಬೀಳದ ಹಾಗೆ, ಗಾಳಿ ಆಡುವ ಹಾಗೆ ಇಡಬೇಕು. ನಾನು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ಒಂದರ ಮೇಲೊಂದು ಸಂದಿ ಬಿಟ್ಟು ಕಟ್ಟಿ ಅದರೊಳಗೆ ತೂಗು ಹಾಕಿದ್ದೇನೆ. ಗಂಟೆಗಂಟೆಯ ಲೆಕ್ಕ ತಾನೇ ಬರೆದಿಟ್ಟುಕೊಂಡು ಫೋನಿಗೆ ಕಳಿಸುವ ಮೀಟರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬರೀ ಈಗಿನ ಅಂಕಿ ತೋರಿಸುವುದಾದರೆ ರಾತ್ರಿಯೆಲ್ಲ ಎದ್ದು ನೋಡಲು ಯಾರಿಂದ ಆಗುತ್ತದೆ?

ಮೀಟರೇ ಇಲ್ಲವೇ? ಸಂಜೆ ಎಲೆ ಮುಟ್ಟಿ ಯಾವಾಗ ತಣ್ಣಗೆ ಒದ್ದೆಯಾಯಿತು, ಬೆಳಿಗ್ಗೆ ಎಷ್ಟು ಹೊತ್ತಿಗೆ ಪೂರ್ತಿ ಒಣಗಿತು, ಇವೆರಡನ್ನು ಬರೆಯಿರಿ. ರಾತ್ರಿ 8ಕ್ಕೆ ಒದ್ದೆ, ಬೆಳಿಗ್ಗೆ 9ಕ್ಕೆ ಒಣಗಿತು ಅಂದರೆ 13 ಗಂಟೆ. ಕರಾರುವಾಕ್ಕಾಗಿರುವುದಿಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಇಂಗ್ಲೆಂಡಿನಲ್ಲಿ 2017ರಿಂದ ಬಳಸುವ 'ಹಟನ್' ನಿಯಮ ಇನ್ನೂ ಸರಳ: ಸತತ ಎರಡು ದಿನ, ದಿನಕ್ಕೆ ಕನಿಷ್ಠ 6 ಗಂಟೆ ಶೇ. 90ರ ತೇವ, ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ನಮ್ಮ ಮುಂಗಾರಿನಲ್ಲಿ ಹೆಚ್ಚು ಕಡಿಮೆ ಪ್ರತಿದಿನವೂ ಈ ನಿಯಮ ಪಾಸ್ ಆಗುತ್ತದೆ. ದಿನಾ ಕೂಗುವ ಎಚ್ಚರಿಕೆ ಗಂಟೆಯಿಂದ ಏನು ಲಾಭ? ಅದಕ್ಕೇ ನಾನು ಅಂಕದ ಲೆಕ್ಕಕ್ಕೆ ಅಂಟಿಕೊಂಡಿದ್ದೇನೆ.

ಹಂತ 3: ಬೆಳಗಿನ ಗಾಳಿ, ಬೆಳಗಿನ ಮೋಡ

ದಿನವಿಡೀ ಗಾಳಿ ನೋಡುತ್ತಾ ಕೂರಬೇಕಾಗಿಲ್ಲ. ಕಣಗಳು ಹೆಚ್ಚಾಗಿ ಹೊರಡುವುದು ಬೆಳಿಗ್ಗೆ. 7ರಿಂದ 11 ಗಂಟೆಯವರೆಗೆ ಎರಡು ಸಲ ನೋಡಿದರೆ ಸಾಕು. ಹೊಲದ ನಡುವೆ ಒಂದು ಗಳು ನೆಟ್ಟು ಹಳೇ ಸೀರೆಯ ಉದ್ದನೆ ಪಟ್ಟಿ ಕಟ್ಟಿ. ಪಟ್ಟಿ ಯಾವ ಕಡೆ ಹಾರುತ್ತಿದೆ, ಆಕಾಶದಲ್ಲಿ ಬಿಸಿಲಿದೆಯೋ ಮೋಡವೋ, ಎರಡೇ ಪದದಲ್ಲಿ ಬರೆಯಿರಿ: "ಪಡುವಣ, ಮೋಡ."

ಮುಂದಿನ ದಿನಗಳಿಗೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ. ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಸಲಹೆ ಬರುತ್ತದೆ. ಮಳೆಯ ಜೊತೆ ಮೋಡ, ತೇವಾಂಶ, ಗಾಳಿಯ ದಿಕ್ಕು ಮತ್ತು ವೇಗವನ್ನೂ ಅದರಲ್ಲಿ ಕೊಡುತ್ತಾರೆ. ಬಹಳ ಜನ ಮಳೆ ಮಾತ್ರ ನೋಡಿ ಮುಚ್ಚಿಡುತ್ತಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ.

ಈಗ ಮೂರನ್ನೂ ಸೇರಿಸಿ ನೋಡಿ. ಪಡುವಣದ ಗುಂಪಿನಲ್ಲಿ ಯಾರೋ ಚುಕ್ಕೆಯ ಫೋಟೊ ಹಾಕಿದ್ದಾರೆ, ಬೆಳಗಿನ ಗಾಳಿ ಅಲ್ಲಿಂದಲೇ ಬರುತ್ತಿದೆ, ಮೋಡ ಮುಚ್ಚಿದೆ, ಎಲೆ ಹತ್ತು ಗಂಟೆಯಾದರೂ ಒಣಗಿಲ್ಲ. ಇಂಥ ದಿನ ನಿಮ್ಮ ಅಂಕ 18 ಆಗಿದೆಯೋ 9 ಆಗಿದೆಯೋ ನೋಡುತ್ತಾ ಕೂರಬೇಡಿ. ಆ ದಿನಾಂಕಕ್ಕೆ ಕೆಂಪು ಗುರುತು ಹಾಕಿ. ಅವತ್ತಿನಿಂದ ಐದನೇ ದಿನ ನಿಮ್ಮ ಹೊಲದಲ್ಲಿ ಚುಕ್ಕೆ ಕಾಣಬಹುದು. ಅದೇ ಗಾಳಿ, ಆದರೆ ಎಂಟಕ್ಕೇ ಚುರುಕು ಬಿಸಿಲು ಬಂದು ಎಲೆ ಒಣಗಿದರೆ, ದೂರದ ಊರಿನ ರೋಗದ ಭಯ ಬಹಳ ಕಡಿಮೆ. ಪಕ್ಕದ ಹೊಲದ್ದಾದರೆ ಮಾತ್ರ ಬಿಸಿಲನ್ನೂ ನಂಬಬೇಡಿ. ಅಷ್ಟು ಹತ್ತಿರಕ್ಕೆ ಬರಲು ಕಣಕ್ಕೆ ನಿಮಿಷಗಳು ಸಾಕು.

ಹಂತ 4: ಎಲ್ಲಿ ನೋಡಬೇಕೋ ಅಲ್ಲಿ ನೋಡಿ

ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಹೊಲ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮರದ ನೆರಳು, ತಗ್ಗಿನ ಮೂಲೆ, ನೀರು ನಿಲ್ಲುವ ಸಾಲು, ಪಡುವಣದ ಬದು, ಗಿಡ ದಟ್ಟವಾಗಿ ಸೇರಿಕೊಂಡ ಜಾಗ. ರೋಗ ಮೊದಲು ಕಾಣುವುದು ಇಂಥ ಕಡೆ. ಬೆಳಿಗ್ಗೆ ಬೇಗ ಹೋಗಿ, ಎಲೆ ತಿರುಗಿಸಿ ನೋಡಿ. ಅಂಚಿನಲ್ಲಿ, ತುದಿಯಲ್ಲಿ ಬಿಸಿನೀರು ಚೆಲ್ಲಿದ ಹಾಗೆ ಕಡು ಹಸಿರು ಕಲೆ, ಅದರ ಸುತ್ತ ಅಡಿಭಾಗದಲ್ಲಿ ಬಿಳಿ ನೂಲು ಇದ್ದರೆ ಅದು ಅಂಗಮಾರಿ. ಒಣಗಿದ ಕಂದು ಕಲೆ, ಒಳಗೆ ಬಳೆಬಳೆಯ ಗೆರೆ, ಅದೂ ಕೆಳಗಿನ ಹಳೇ ಎಲೆಯಲ್ಲಿ ಇದ್ದರೆ ಅದು ಬೇರೆ ರೋಗ, ಮುಂಚಿತ ಅಂಗಮಾರಿ. ಅದಕ್ಕೆ ಇಷ್ಟು ಗಾಬರಿ ಬೇಡ.

ಅನುಮಾನ ಬಂದರೆ ಎಲೆಯನ್ನು ಒದ್ದೆ ಕಾಗದದ ಜೊತೆ ಊಟದ ಡಬ್ಬಿಯಲ್ಲಿ ಹಾಕಿ ಮುಚ್ಚಿ, ತಂಪಾದ ಜಾಗದಲ್ಲಿ ಇಡಿ. ಫ್ರಿಜ್ಜಿನಲ್ಲಿ ಬೇಡ. ಮಾರನೇ ಬೆಳಿಗ್ಗೆ ಬಿಳಿ ನೂಲು ಬಂದಿದ್ದರೆ ಸಂಶಯ ಮುಗಿಯಿತು. (ಡಬ್ಬಿ ಯಾವುದು ಎಂದು ಮನೆಯಲ್ಲಿ ಮೊದಲೇ ಹೇಳಿಡಿ. ಅನುಭವದ ಮಾತು.)

ಒಂದು ವರ್ಷ ನಾನು ಒಂದೇ ಗಿಡದಲ್ಲಿ ಚುಕ್ಕೆ ನೋಡಿ, "ಸೋಮವಾರ ನೋಡಿದರಾಯಿತು" ಎಂದು ನೆಂಟರ ಮದುವೆಗೆ ಹೋದೆ. ನಾಲ್ಕು ದಿನ ಬಿಟ್ಟು ಬಂದಾಗ ಹೊಲದ ವಾಸನೆ ದಾರಿಗೇ ಬರುತ್ತಿತ್ತು. ಆ ಮದುವೆ ಊಟ ನನಗೆ ಬಹಳ ದುಬಾರಿ ಬಿತ್ತು.

ಹಂತ 5: ಹೊಡೆಯಬೇಕೋ, ಬೇಡವೋ?

ಮ್ಯಾಂಕೊಜೆಬ್‌ನಂಥ ಔಷಧಿ ಎಲೆಯ ಮೇಲೆ ಕಾವಲು ಕೂರುತ್ತದೆ ಅಷ್ಟೇ. ಒಳಗೆ ಹೋದ ರೋಗವನ್ನು ಓಡಿಸುವುದಿಲ್ಲ. ಹಾಗಾಗಿ ಅದು ಕಣಕ್ಕಿಂತ ಮೊದಲು ಎಲೆಯ ಮೇಲಿರಬೇಕು. ಲೀಟರ್ ನೀರಿಗೆ 2ರಿಂದ 2.5 ಗ್ರಾಂ ಸಾಮಾನ್ಯ ಪ್ರಮಾಣ, ಆದರೂ ಪೊಟ್ಟಣದ ಮೇಲಿನ ಮಾತೇ ಕೊನೆಯ ಮಾತು. ಅಂಕ 15–16ಕ್ಕೆ ಬಂದು ಮುನ್ಸೂಚನೆಯಲ್ಲಿ ಇನ್ನೂ ಮೂರು ದಿನ ಮಳೆ ಇದ್ದರೆ, 18 ಆಗಲಿ ಎಂದು ಕಾಯದೆ ಮಳೆ ಬಿಟ್ಟ ಹೊತ್ತು ನೋಡಿ ಹೊಡೆದುಬಿಡಿ. ಔಷಧಿ ಎಲೆಯ ಮೇಲೆ ಒಣಗಲು ಸಮಯ ಬೇಕು. ನಾಜಲ್ ಕೆಳಗಿನಿಂದ ಮೇಲಕ್ಕೆ ತಿರುಗಿಸಿ, ಎಲೆಯ ಅಡಿ ನೆನೆಯಲಿ.

ಆಗಲೇ ಚುಕ್ಕೆ ಇದ್ದರೆ ಬರೀ ಕಾವಲಿನವ ಸಾಲದು. ಎಲೆಯೊಳಗೂ ಕೆಲಸ ಮಾಡುವ ಸೈಮೊಕ್ಸಾನಿಲ್ ಅಥವಾ ಡೈಮೆಥೊಮಾರ್ಫ್ ಸೇರಿದ ಔಷಧಿ ಬೇಕು. ಅಂಗಡಿಯವರು "ಹೋದ ಸಲ ಇದೇ ಕೊಟ್ಟಿದ್ದೆ" ಎಂದು ಮೆಟಲಾಕ್ಸಿಲ್ ಕೊಟ್ಟರೆ, ಮೇಲೆ ಹೇಳಿದ 13 ಎ2 ನೆನಪು ಮಾಡಿಕೊಳ್ಳಿ. ರೋಗ ಬಂದ ಒಂದೆರಡು ಗಿಡವಿದ್ದರೆ ಅಲ್ಲೇ ಚೀಲದೊಳಗೆ ಹಾಕಿ ಕಿತ್ತು, ಆಳವಾಗಿ ಹೂಳಿ. ಕೈಯಲ್ಲಿ ಹಿಡಿದು ಹೊಲದ ನಡುವೆ ನಡೆದರೆ ಗಾಳಿಯ ಕೆಲಸವನ್ನು ನೀವೇ ಮಾಡಿದ ಹಾಗೆ.

ಮೊದಲ ಸಿಂಪಡಣೆ ಆದ ಮೇಲೆ ನಾನು ಹಿಂದಿನ ಏಳು ದಿನದ ಅಂಕ ಮಾತ್ರ ನೋಡುತ್ತೇನೆ. ಏಳು ದಿನಕ್ಕೆ 2–3 ಅಂಕ, ಸುತ್ತಮುತ್ತ ರೋಗದ ಸುದ್ದಿ ಇಲ್ಲ: ಪಂಪು ಮುಟ್ಟುವುದಿಲ್ಲ. 6–7 ದಾಟಿದರೆ ವಾರಕ್ಕೊಂದು. ಜಡಿ ಮಳೆ ಹಿಡಿದು ಪಡುವಣದಲ್ಲಿ ರೋಗವೂ ಇದ್ದರೆ ಐದು ದಿನಕ್ಕೆ. ಇದು ನನ್ನ ಹೊಲದ ರೂಢಿ, ನಿಮ್ಮ ಕಡೆಗೆ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಒಂದು ಮಾತು ನೇರವಾಗಿ ಹೇಳಬೇಕು. ಪುನರ್ವಸು, ಪುಷ್ಯ ಮಳೆಗಳ ನಡುವೆ ಈ ಲೆಕ್ಕ ನಿಮಗೆ ಸಿಂಪಡಣೆ ಉಳಿಸುವುದಿಲ್ಲ. ಆಗ ಅಂಕ ದಿನಾ 3–4 ಬರುತ್ತಲೇ ಇರುತ್ತದೆ. ಉಳಿತಾಯ ಆಗುವುದು ಜೂನ್ ಮೊದಲಿನ ಒಣ ದಿನಗಳಲ್ಲಿ, ಮಳೆ ಬಿಡುವು ಕೊಟ್ಟ ವಾರಗಳಲ್ಲಿ, ಮತ್ತು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಿಂಗಾರಿನ ಬೆಳೆಯಲ್ಲಿ. ಅಲ್ಲಿ ಚಳಿಗಾಲದ ಮಂಜಿನ ರಾತ್ರಿಗಳು ಮಾತ್ರ ಮುಖ್ಯ, ಮತ್ತು ರಾತ್ರಿ ತಂಪಾದರೆ ಕೋಷ್ಟಕದ ಉಳಿದ ಸಾಲುಗಳೂ ಬೇಕಾಗುತ್ತವೆ. ತಪ್ಪು ಎಚ್ಚರಿಕೆಯಿಂದ ಹೋಗುವುದು ಒಂದು ಸಿಂಪಡಣೆಯ ಖರ್ಚು, ತಪ್ಪಿಹೋದ ಎಚ್ಚರಿಕೆಯಿಂದ ಹೋಗುವುದು ಇಡೀ ಹೊಲ. ಸಂಶಯ ಇದ್ದಾಗ ನಾನು ಯಾವ ಕಡೆ ವಾಲುತ್ತೇನೆ ಎಂದು ಬೇರೆ ಹೇಳಬೇಕಾಗಿಲ್ಲ.

ದೊಡ್ಡವರು ಮಾಡುವ ಲೆಕ್ಕ

ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಮೊದಲು ಉತ್ತರ ಪ್ರದೇಶಕ್ಕಾಗಿ 'ಝುಲ್ಸಾಕಾಸ್ಟ್', ಆಮೇಲೆ ದೇಶಕ್ಕೆಲ್ಲ 'ಇಂಡೋ-ಬ್ಲೈಟ್‌ಕಾಸ್ಟ್' ಎಂಬ ಮುನ್ಸೂಚನೆ ಮಾದರಿ ಮಾಡಿದೆ. ಇಥಿಯೋಪಿಯಾದಲ್ಲಿ ಗೋಧಿಯ ತುಕ್ಕು ರೋಗಕ್ಕೆ ಬ್ರಿಟನ್ನಿನ ಹವಾಮಾನ ಇಲಾಖೆಯ ಗಾಳಿ ಮಾದರಿಯನ್ನೇ ಬಳಸಿ, ಬೀಜಕಣ ಯಾವ ಜಿಲ್ಲೆಯ ಮೇಲೆ ಬೀಳಬಹುದು ಎಂದು ಬೆಳೆಗಾರರಿಗೆ ತಿಳಿಸುತ್ತಾರೆ. ನಮ್ಮ ದೇಶದಲ್ಲೂ ಈ ವಿದ್ಯೆ ಹಳೆಯದು. ಆಗ್ರಾದ ಕೆ. ಸಿ. ಮೆಹ್ತಾ ಅವರು ಸ್ವಾತಂತ್ರ್ಯಕ್ಕೆ ಮೊದಲೇ, ಗೋಧಿಯ ತುಕ್ಕು ಬಯಲಿನ ಬೇಸಿಗೆಯಲ್ಲಿ ಸತ್ತು, ನೀಲಗಿರಿ, ಪಳನಿಯಂಥ ಬೆಟ್ಟಗಳಲ್ಲಿ ಉಳಿದು, ಅಲ್ಲಿಂದ ಗಾಳಿಯಲ್ಲಿ ಕೆಳಗಿಳಿದು ಬರುತ್ತದೆ ಎಂದು ತೋರಿಸಿದ್ದರು. ಧಾರವಾಡ ಕಡೆಯ ಗೋಧಿಗೆ ಬರುವ ತುಕ್ಕಿನ ದಾರಿಯೂ ಅದೇ. ಇಂಥ ದೊಡ್ಡ ಮಾದರಿಗಳು ಜಿಲ್ಲೆಗೆ ಹೇಳುತ್ತವೆ. ನಿಮ್ಮ ತಗ್ಗಿನ ಮೂಲೆಯಲ್ಲಿ ಎಲೆ ಎಷ್ಟು ಹೊತ್ತಿಗೆ ಒಣಗಿತು ಎನ್ನುವುದು ಅವಕ್ಕೆ ಗೊತ್ತಿಲ್ಲ.

ಕೀಳುವ ಮೊದಲು

ಬೆಳೆ ಮುಗಿಯುವಾಗ ರೋಗ ಇದ್ದರೆ ಮಳೆ ನೀರಿನ ಜೊತೆ ಕಣಗಳು ಮಣ್ಣಿಗಿಳಿದು ಗಡ್ಡೆಗೆ ಹತ್ತುತ್ತವೆ. ಸಾಲಿಗೆ ಮಣ್ಣು ಚೆನ್ನಾಗಿ ಏರಿಸಿದ್ದರೆ ಗಡ್ಡೆ ಎಷ್ಟೋ ಉಳಿಯುತ್ತದೆ. ಕೀಳುವ ಹತ್ತು ಹದಿನೈದು ದಿನ ಮೊದಲು ಗಿಡದ ಮೇಲ್ಭಾಗ ಕೊಯ್ದು ಹೊಲದಿಂದ ಹೊರಗೆ ಹಾಕಿ. ಕೊಳೆತ ಗಡ್ಡೆಯನ್ನು ಬದುವಿನ ಮೇಲೆ ಸುರಿಯಬೇಡಿ, ಗುಂಡಿ ತೋಡಿ ಮುಚ್ಚಿ. ಆದರೂ ಅಲ್ಲಿ ಇಲ್ಲಿ ಉಳಿದೇ ಉಳಿಯುತ್ತದೆ. ಮೇ ತಿಂಗಳ ಮೊದಲ ಮಳೆ ಬಿದ್ದ ವಾರ ಬದುವಿನ ಸುತ್ತ ಒಂದು ಸುತ್ತು ಹಾಕಿ, ತಾನಾಗಿ ಮೊಳೆತ ಆಲೂಗಡ್ಡೆ ಗಿಡ ಎಷ್ಟಿವೆ ಎಣಿಸಿ, ಕಿತ್ತು ಹಾಕಿ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿವರ್ಷದ ಮೊದಲ ಸಾಲು ಆ ಸಂಖ್ಯೆ.